ಇಳಿಜಾರು ಸೈಟಿಗೆ ಮಣ್ಣು ಟೆಸ್ಟ್ ಮಾಡಿಸಿದವರು ಅನುಭವ ಹೇಳಿ

ಹೊಸಮನೆ, ಪುತ್ತೂರು: ಸುಳ್ಯ ರಸ್ತೆ ಬದಿಯಲ್ಲಿ 15 ಸೆಂಟ್ಸ್ ಜಾಗ ತಗೊಂಡಿದ್ದೇನೆ, ರಸ್ತೆಯಿಂದ ಹಿಂದಿನ ಮೂಲೆಗೆ ಸುಮಾರು 20 ಅಡಿ ಇಳಿತ ಉಂಟು. ಮೇಲೆ ಕಡಿದು ಕೆಳಗೆ ತುಂಬಿಸಿ ಸಮತಟ್ಟು ಮಾಡುವ ಅಂತ ಜೆಸಿಬಿಯವ ಹೇಳ್ತಾನೆ. ಅದಕ್ಕೆ ಮೊದಲು ಟೆಸ್ಟ್ ಬೇಕಾ, ಮಣ್ಣು ನೋಡ್ಲಿಕ್ಕೆ ಕೊರೆಯುವ ಬೋರ್ ಎಷ್ಟು ಬೇಕು, ಖರ್ಚೆಷ್ಟು?

ಕೆಂಪುಕಲ್ಲು, ಮಂಗಳೂರು: ಮಾರಾಯ್ರೇ, ನಾನು ಒಂದೇ ಬೋರ್ ಹಾಕಿಸಿ ಕೆಟ್ಟವ. ಬೋರ್ ಮೆಷಿನಿನ ಲಾರಿ ರಸ್ತೆ ಬದಿಗೆ ಮಾತ್ರ ಬರುವುದು ಅಂತ ಅಲ್ಲೇ ಒಂದು ಹೊಡೆದ್ರು, 28,000 ತಗೊಂಡ್ರು. 9 ಅಡಿಗೆ ಗಟ್ಟಿ ಮುರಕಲ್ಲು ಸಿಕ್ಕಿತು, ಇನ್ನು ಇಳಿಯುವುದಿಲ್ಲ ಅಂತ ಬರೆದು ನಿಲ್ಲಿಸಿದ್ರು. ಆ ಕಲ್ಲಿನ ಅಡಿಯಲ್ಲಿ ಶೇಡಿ, ಅಂದ್ರೆ ಬಿಳಿ ಜೇಡಿಮಣ್ಣು ಇತ್ತು, ಕೆಳಗಿನ ಮೂಲೆಯಲ್ಲಂತೂ ಕಲ್ಲೇ ಇಲ್ಲ, ಬರೀ ಶೇಡಿ. ಬೇಸಿಗೆಯಲ್ಲಿ ಅದು ಪಿಕ್ಕಾಸಿಗೂ ಬಗ್ಗುವುದಿಲ್ಲ. ಅದೇ ಒಣಗಿದ ಉಂಡೆಯನ್ನು ಬಕೆಟ್ ನೀರಿಗೆ ಹಾಕಿ ನೋಡಿ, ಗುಳ್ಳೆ ಬಿಡ್ತಾ ಅಂಚಿನಿಂದ ಉದುರಿ ಉದುರಿ ನೀವು ಚಾ ಕುಡಿದು ಬರುವಷ್ಟರಲ್ಲಿ ಅಡಿಯಲ್ಲಿ ಬಿಳಿ ಗಂಜಿ. ಆ ರಿಪೋರ್ಟ್ ನಂಬಿ ಕಟ್ಟಿದ ತಡೆಗೋಡೆ ಜೂನಲ್ಲಿ ಹೊಟ್ಟೆ ಬಿಟ್ಟಿತು, ಜುಲೈಯಲ್ಲಿ ಬಿತ್ತು. ಗೋಡೆಗೆ ಹಾಕಿದ 3,40,000 ಹೋಯ್ತು, ಮಣ್ಣು ತೆಗೆಸ್ಲಿಕ್ಕೆ 62,000, ಕೆಳಗಿನ ಮನೆಯವರ ಹಟ್ಟಿ ಕಟ್ಟಿಸಿ ಕೊಡ್ಲಿಕ್ಕೆ 85,000, ಮತ್ತೆ ಮೂರು ಬೋರ್‌ಗೆ 81,000. ಮೊದಲೇ ಮೂರು ಹಾಕಿಸಿದ್ರೆ 53,000 ಹೆಚ್ಚಾಗ್ತಿತ್ತು, ಅಷ್ಟೇ.

ಹಳೇ ಪಂಚಾಂಗ, ಬಂಟ್ವಾಳ: ನಾನು ಯಾವ ಬೋರೂ ಹಾಕಿಸ್ಲಿಲ್ಲ. ಬಾವಿ ತೋಡುವವರನ್ನು ಕರೆಸಿ ಮೇಲೆ, ನಡು, ಕೆಳಗೆ ಅಂತ 8 ಅಡಿಯ ಮೂರು ಗುಂಡಿ ತೆಗೆಸಿದೆ, ಆಗ ಗುಂಡಿಗೆ 1,200ರಂತೆ 3,600 ಆಯ್ತು. ಏಣಿ ಇಟ್ಟು ನಾನೇ ಇಳಿದು ನೋಡಿದೆ. ಕೆಳಗಿನ ಗುಂಡಿಯಲ್ಲಿ 4 ಅಡಿಗೆ ಹಂಚಿನ ಚೂರು ಸಿಕ್ಕಿತು, ಅಂದ್ರೆ ಅದು ಯಾರೋ ಹಿಂದೆ ತುಂಬಿಸಿದ ಮಣ್ಣು. ಆದ್ದರಿಂದ ಜಾಗ ಕಡಿಯದೆ ಮೂರು ಮೆಟ್ಟಿಲಾಗಿ ಪಂಚಾಂಗ ಹಾಕಿ ಕಟ್ಟಿದೆ. 22 ಮಳೆಗಾಲ ಕಳೀತು, ಗೋಡೆಯಲ್ಲಿ ಒಂದು ಗೆರೆ ಇಲ್ಲ. ರಿಪೋರ್ಟ್ ನಂಬಿ ಕೆಟ್ಟವರು ಮತ್ತೆ ಅದನ್ನೇ ಮೂರು ಮಾಡಿಸಿದ್ದು ಎಂತಕ್ಕೋ!

ಕೆಂಪುಕಲ್ಲು: 8 ಅಡಿ ಗುಂಡಿಯಲ್ಲಿ 20 ಅಡಿ ಆಳದ ಶೇಡಿ ಕಾಣ್ತದಾ ಸ್ವಾಮಿ? ನಿಮ್ಮ ಅದೃಷ್ಟವನ್ನು ಬೇರೆಯವರಿಗೆ ಸಲಹೆ ಅಂತ ಕೊಡ್ಬೇಡಿ.

ಹಳೇ ಪಂಚಾಂಗ: ಜಾಗ ಕಡಿಯಲಿಲ್ಲ ಅಂತ ಬರೆದದ್ದು ಓದಿದ್ರಾ? ಗೋಡೆ ಬಿದ್ದದ್ದು ನಿಮ್ಮದು, ನನ್ನದಲ್ಲ.

ಕಾಫಿಕಣ, ಮಡಿಕೇರಿ: ಇಬ್ರೂ ನೀರಿನ ಬಗ್ಗೆ ಒಂದು ಮಾತೂ ಆಡಿಲ್ಲ. ನಾವು ಟೆಸ್ಟ್ ಮಾಡಿಸಿದ್ದು ಫೆಬ್ರವರಿಯಲ್ಲಿ, 30 ಅಡಿವರೆಗೆ ನೀರಿಲ್ಲ ಅಂತ ರಿಪೋರ್ಟ್ ಬಂತು. 2018ರ ಆಗಸ್ಟಲ್ಲಿ ಅಡುಗೆಮನೆ ನೆಲದಿಂದ ಜಲ ಎದ್ದಿತು, ಹಿಂದಿನ ಬರೆ, ಅಂದ್ರೆ ಗುಡ್ಡದ ಇಳಿಜಾರಿನ ಮೇಲೆ ಹೋಗಿ ನೋಡಿದ್ರೆ ಕಾಫಿ ಗಿಡಗಳ ಮಧ್ಯೆ ಅಂಗೈ ಅಗಲ ಬಿರುಕು. ಅವತ್ತು ರಾತ್ರಿನೇ ಮನೆ ಬಿಟ್ವಿ, ಮೂರನೇ ದಿನ ಬರೆ ಬಂದು ಮನೆ ಮೇಲೆ ಕೂತಿತ್ತು. ಆಮೇಲೆ ತಗೊಂಡ ಜಾಗದಲ್ಲಿ ಬೋರ್ ಮುಚ್ಚೋಕೆ ಬಿಡಲಿಲ್ಲ, ತೂತು ಕೊರೆದ ಪಿವಿಸಿ ಪೈಪ್ ಇಳಿಸಿ ಸುತ್ತ ಜಲ್ಲಿ ಹಾಕ್ಸಿ, ಮಳೆಗಾಲ ಪೂರ್ತಿ ಹಗ್ಗಕ್ಕೆ ಕಲ್ಲು ಕಟ್ಟಿ ಅಳೆದೆ. ಮಾರ್ಚಲ್ಲಿ ಒಣಗಿದ್ದ ಪೈಪಲ್ಲಿ ಜುಲೈಗೆ ಐದೇ ಅಡಿ ಕೆಳಗೆ ನೀರು! ಆ ಒಂದು ವರ್ಷ ಬಾಡಿಗೆಗೇ 1,08,000 ಕೊಟ್ಟಿದೀನಿ, ಎಲ್ಲರೂ ಬೈದ್ರು, ಬೈಲಿ.

ಧರೆಮನೆ, ತೀರ್ಥಹಳ್ಳಿ: ಕೊಡಗಲ್ಲಿ ಗುಡ್ಡ ಕಡಿದು ಹೋಂಸ್ಟೇ ಮಾಡಿದ್ದಕ್ಕೇ ಅಲ್ವೇನ್ರೀ ಅಷ್ಟೆಲ್ಲ ಆಗಿದ್ದು, ಈಗ ನೀರಿನ ಮೇಲೆ ಹಾಕಿದ್ರೆ ಹೆಂಗೆ?

ಕಾಫಿಕಣ: ನಮ್ದು ಹೋಂಸ್ಟೇ ಅಲ್ಲ, ಅಪ್ಪ ಅಮ್ಮ ಇದ್ದ ಮನೆ. ಆ ವಾರದ ಮಳೆ ನೋಡಿದ್ರೆ ಹಿಂಗೆ ಬರೀತಿರ್ಲಿಲ್ಲ ನೀವು. ಕಡಿದಿದ್ದೂ ಕಾರಣ, ಮಳೆನೂ ಕಾರಣ, ಆದ್ರೆ ಮನೆ ಕಳ್ಕೊಂಡೋರ ಹತ್ರ ಮಾತಾಡೋ ರೀತಿ ಇದಲ್ಲ.

ಧರೆಮನೆ: ನಿಮ್ಮನೆ ಬಗ್ಗೆ ಹೇಳಿದ್ದಲ್ಲ ಕಣ್ರೀ. ಬೇಜಾರಾಗಿದ್ರೆ ಕ್ಷಮಿಸಿ. ಆದ್ರೆ ಬುಡ ಕಡಿದ ಧರೆ, ಅಂದ್ರೆ ಗುಡ್ಡದ ಬದಿ, ನಿಲ್ಲಲ್ಲ ಅನ್ನೋದನ್ನ ಮಾತ್ರ ಬಿಡಲ್ಲ, ನಮ್ಮ ದಾಯಾದಿ ಮನೆ ಹೋಗಿದ್ದು ಹಾಗೇನೇ.

ಸೈಟ್ ಇಂಜಿನಿಯರ್, ಉಡುಪಿ: ಬೋರ್ ಹಾಕುವಾಗ ಹತ್ತಿರ ನಿಲ್ಲಿ. 63.5 ಕೆಜಿ ಸುತ್ತಿಗೆ 75 ಸೆಂ.ಮೀ. ಎತ್ತರದಿಂದ ಬೀಳ್ಬೇಕು, ರಾಡನ್ನು 45 ಸೆಂ.ಮೀ. ಇಳಿಸಿ ಮೊದಲ 15 ಬಿಟ್ಟು ಉಳಿದ 30ಕ್ಕೆ ಎಷ್ಟು ಪೆಟ್ಟು ಬಿತ್ತು ಅಂತ ಲೆಕ್ಕ. ನನ್ನ ತಂದೆಯ ಜಾಗದಲ್ಲೇ ಹುಡುಗರು ಸುಸ್ತಾಗಿ ಸುತ್ತಿಗೆಯನ್ನು ಅರ್ಧ ಎತ್ತರದಿಂದಲೇ ಬಿಡ್ತಿದ್ರು. ಹಾಗೆ ಮಾಡಿದ್ರೆ ಪೆಟ್ಟು ಜಾಸ್ತಿ ಬೀಳ್ತದೆ, ಮೆತ್ತನೆ ಮಣ್ಣು ಕಾಗದದಲ್ಲಿ ಗಟ್ಟಿ ಆಗ್ತದೆ. ನಾನು ರಾಡಿಗೆ ಸೀಮೆಸುಣ್ಣದ ಗುರುತು ಹಾಕಿ ಪಕ್ಕದಲ್ಲೇ ನಿಂತೆ, 14 ಇದ್ದ ಪೆಟ್ಟು 8ಕ್ಕೆ ಇಳೀತು. ಮತ್ತೆ ಲ್ಯಾಬಲ್ಲಿ ಸ್ಯಾಂಪಲ್ ನೆನೆಸಿ ಶಿಯರ್ ಟೆಸ್ಟ್, ಅಂದ್ರೆ ಮಣ್ಣು ಜಾರದೆ ಎಷ್ಟು ತಡೀತದೆ ಅಂತ ನೋಡುವ ಟೆಸ್ಟ್ ಮಾಡ್ಲಿಕ್ಕೆ ಹೇಳಿ, ಒಣ ಶೇಡಿಯ ನಂಬರ್ ಕಟ್ಟಿಕೊಂಡು ಎಂತ ಮಾಡುವುದು?

ಹಳೇ ಪಂಚಾಂಗ: ನೋಡಿ, ಟೆಸ್ಟ್ ಮಾಡುವವರೇ ಹೀಗೆ. ನಾನು ಹೇಳಿದ್ದೂ ಅದೇ.

ಹೊಸಮನೆ: ಕೆಳಗಿನ ಮೂಲೆಯ ಉಂಡೆ ತಂದು ಬಕೆಟಿಗೆ ಹಾಕಿದೆ. ಹತ್ತು ನಿಮಿಷಕ್ಕೆ ನೀರು ಬೆಳ್ಳಗಾಯ್ತು. ಜೆಸಿಬಿಯವನಿಗೆ ಈಗ ಬೇಡ ಅಂತ ಫೋನ್ ಮಾಡಿದ್ದೇನೆ. ಆದ್ರೆ ಆ ಮೂಲೆಗೆ ಲಾರಿ ಇಳಿಯುವುದಿಲ್ಲ, ಬೋರ್ ಹೇಗೆ ಹಾಕಿಸುವುದು?

ಕೆಂಪುಕಲ್ಲು: ಮೂರು ಕಾಲಿನ ಮೆಷಿನ್ ಉಂಟು, ಬಿಚ್ಚಿ ತಲೆಹೊರೆಯಲ್ಲಿ ಇಳಿಸ್ತಾರೆ. ಹೊತ್ತವರಿಗೆ ನಾನು 1,800 ಬೇರೆ ಕೊಟ್ಟಿದ್ದೇನೆ, ಅದನ್ನು ಮೊದಲೇ ಮಾತಾಡಿ.