ಮುಚ್ಚಿದ ಥಿಯೇಟರಿನಿಂದ ತಂದ ಫಿಲ್ಮ್ ತುಂಡು: ಮೂಲೆಯ ಆ ಕಪ್ಪು ಚುಕ್ಕಿ ಏನು?

ಮೂರನೇ ಸಾಲು:

ನಮ್ಮ ಬೀದಿಯ ಕೊನೆಯಲ್ಲಿದ್ದ ಥಿಯೇಟರ್ ಮುಚ್ಚಿ ಹತ್ತು ವರ್ಷದ ಮೇಲಾಯಿತು. ಹೋದ ತಿಂಗಳು ಕೆಡವಲು ಶುರು ಮಾಡಿದರು. ಕೆಲಸದವರನ್ನು ಕೇಳಿಕೊಂಡು ಒಳಗೆ ಹೋಗಿದ್ದೆ. ಅರ್ಧ ಗಂಟೆ ಅಷ್ಟೇ.

ಒಂದು ಕಡೆ ಛಾವಣಿ ತೆಗೆದಿದ್ದರು. ಆ ಹಾಲ್‌ನಲ್ಲಿ ನಾನು ಬಿಸಿಲು ನೋಡಿದ್ದು ಅದೇ ಮೊದಲು. ಸೀಟುಗಳು ಕೆಂಪು ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆ. ನೋಡಿದರೆ ಕಂದು.

ಚಿಕ್ಕವನಿದ್ದಾಗಿನಿಂದ ಒಂದು ಆಸೆ ಇತ್ತು, ಪರದೆ ಮುಟ್ಟಿ ನೋಡಬೇಕು ಅಂತ. ಈ ಸಲ ಯಾರೂ ಬೈಯುವವರಿರಲಿಲ್ಲ. ಬಟ್ಟೆ ಇರಬೇಕು ಅಂದುಕೊಂಡಿದ್ದೆ, ದಪ್ಪ ಪ್ಲಾಸ್ಟಿಕ್ ಹಾಳೆ ಥರ ಇತ್ತು. ಮೈತುಂಬಾ ಸಣ್ಣ ಸಣ್ಣ ತೂತು, ಸೂಜಿಯಲ್ಲಿ ಚುಚ್ಚಿದ ಹಾಗೆ, ಸಾಲು ಸಾಲಾಗಿ. ಇಷ್ಟು ದಿನ ತೂತಿನ ಪರದೆ ಮೇಲೆ ಸಿನಿಮಾ ನೋಡಿದ್ವಾ?

ಮೇಲೆ ಪ್ರೊಜೆಕ್ಟರ್ ರೂಮಿನಲ್ಲಿ ಮೆಷಿನ್ ಇರಲಿಲ್ಲ, ಅದನ್ನು ನೆಲಕ್ಕೆ ಬಿಗಿದಿದ್ದ ಬೋಲ್ಟುಗಳು ಮಾತ್ರ ಇದ್ದವು. ಮೂಲೆಯ ಧೂಳಿನಲ್ಲಿ ಒಂದು ಫಿಲ್ಮ್ ತುಂಡು ಸಿಕ್ಕಿತು. ಎರಡು ಅಡಿಗೆ ಸ್ವಲ್ಪ ಕಡಿಮೆ ಉದ್ದ. ಜೇಬಿಗೆ ಹಾಕಿಕೊಂಡು ಬಂದೆ.

ಇನ್ನೂ ಕೆಲವು ಅನುಮಾನ ಇವೆ. ಸಿನಿಮಾ ನಡೆಯುವಾಗ ಆಗಾಗ ಬಲಗಡೆ ಮೇಲ್ಮೂಲೆಯಲ್ಲಿ ಒಂದು ಕಪ್ಪು ಚುಕ್ಕಿ ಮಿಂಚಿ ಮಾಯವಾಗುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಹೇಳಿದರೆ ಯಾರೂ ನೋಡಿಲ್ಲ ಅನ್ನುತ್ತಿದ್ದರು. ಅದೇನು? ಮತ್ತೆ ಚಿತ್ರ ಒಮ್ಮೆಲೆ ಹಾರುತ್ತಿತ್ತಲ್ಲ, ಆಗ ಮೊದಲು ಚಿತ್ರ ಹಾರಿ, ಆಮೇಲೆ ‘ಟಪ್’ ಅಂತ ಸದ್ದು ಬರುತ್ತಿತ್ತು. ಯಾಕೆ ಎರಡೂ ಒಟ್ಟಿಗೆ ಆಗುತ್ತಿರಲಿಲ್ಲ? ಕೊನೆಯದು, ಈ ಫಿಲ್ಮ್ ತುಂಡು ಹುಳಿ ಹುಳಿ ವಾಸನೆ ಹೊಡೆಯುತ್ತಿದೆ. ಇಟ್ಟುಕೊಳ್ಳಬಹುದಾ?

ಹಳೇ ಆಪರೇಟರ್:

21 ವರ್ಷ ಅದೇ ಕೆಲಸ ಮಾಡಿದವನು ನಾನು, ಬೇರೆ ಕಡೆ. ನಿಮ್ಮ ಪೋಸ್ಟ್ ಓದಿ ಸುಮ್ನೆ ಇರಲಾಗಲಿಲ್ಲ.

ತೂತಿನದು ಸುಲಭ. ಮುಖ್ಯ ಸ್ಪೀಕರ್ ಇರುವುದು ಪರದೆಯ ಹಿಂದೆ. ಮಾತು ನಟರ ಬಾಯಿಂದಲೇ ಬಂದ ಹಾಗೆ ಕೇಳಬೇಕಲ್ಲ. ತೂತು ಇಲ್ಲದಿದ್ದರೆ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಇರುತ್ತದೆ.

ಇನ್ನು ಚುಕ್ಕಿ. ಅದು ನಮಗೆ ಅಂತ ಹಾಕಿದ್ದು, ನೀವು ನೋಡಬಾರದಿತ್ತು! 2000 ಅಡಿಯ ರೀಲ್ ಓಡುವುದು 22 ನಿಮಿಷ. ಒಂದು ಸಿನಿಮಾಗೆ ಅಂಥವು ಐದಾರು, ಉದ್ದ ಸಿನಿಮಾ ಆದರೆ ಇನ್ನೂ ಜಾಸ್ತಿ. ರೂಮಿನಲ್ಲಿ ಎರಡು ಪ್ರೊಜೆಕ್ಟರ್. ಒಂದು ಓಡುತ್ತಿರುವಾಗ ಇನ್ನೊಂದಕ್ಕೆ ಮುಂದಿನ ರೀಲ್ ಹಾಕಿ, ಕಿಂಡಿಯಲ್ಲಿ ಪರದೆಯ ಮೂಲೆ ನೋಡುತ್ತಾ ನಿಲ್ಲಬೇಕು. ರೀಲ್ ಮುಗಿಯಲು ಸುಮಾರು ಎಂಟು ಸೆಕೆಂಡ್ ಇರುವಾಗ ಮೊದಲ ಚುಕ್ಕಿ. ಎರಡನೇ ಮೆಷಿನ್ನಿನ ಮೋಟಾರ್ ಹಾಕು. ಏಳು ಸೆಕೆಂಡ್ ಆದಮೇಲೆ ಎರಡನೇ ಚುಕ್ಕಿ. ಇದರ ಬೆಳಕು ಮುಚ್ಚು, ಅದರ ಬೆಳಕು ಬಿಡು. ಚುಕ್ಕಿ ಇರುವುದು ನಾಲ್ಕೇ ನಾಲ್ಕು ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಲೆಕ್ಕ ಹಾಕಿಕೊಳ್ಳಿ. ರೆಪ್ಪೆ ಬಡಿದರೆ ಹೋಯಿತು.

ನನಗೂ ಒಮ್ಮೆ ಹೋಗಿದೆ. ಆಗ ನಮ್ಮದು ಕಾರ್ಬನ್ ಲ್ಯಾಂಪ್. ಎರಡು ಕಾರ್ಬನ್ ಕಡ್ಡಿ ಎದುರುಬದುರು ಇಟ್ಟು ಕರೆಂಟ್ ಹಾಯಿಸಿದರೆ ನಡುವೆ ಬೆಂಕಿಯಂಥ ಬೆಳಕು. ಕಡ್ಡಿ ಉರಿದು ಗಿಡ್ಡ ಆಗುತ್ತಾ ಹೋಗುತ್ತದೆ. ನಡುವಿನ ಜಾಗ ಹೆಚ್ಚಾದರೆ ಪರದೆ ಮಂಕಾಗುತ್ತದೆ, ಕೆಳಗಿಂದ ಕೂಗು ಬರುತ್ತದೆ. ಆವತ್ತು ಎರಡನೇ ಮೆಷಿನ್ನಿನಲ್ಲಿ ಹಳೇ ಕಡ್ಡಿಯ ಮೋಟು ಸಿಕ್ಕಿಹಾಕಿಕೊಂಡಿತ್ತು. ಇಕ್ಕಳ ಹುಡುಕುವ ಬದಲು ಬೆರಳಲ್ಲೇ ಎಳೆದೆ. ಬೆರಳು ಬಾಯಲ್ಲಿಟ್ಟುಕೊಂಡು ತಿರುಗಿ ನೋಡಿದರೆ ಪರದೆ ಬೆಳ್ಳಗಿದೆ. ಇಡೀ ಹಾಲ್ ಬೆಳಕು. ಮುನ್ನೂರು ಜನ ಹಿಂದಕ್ಕೆ ತಿರುಗಿ ನನ್ನ ಕಿಂಡಿಯನ್ನೇ ನೋಡುತ್ತಿದ್ದರು. ಆಪರೇಟರ್ ಅಂತ ಒಬ್ಬ ಇದ್ದಾನೆ ಅಂತ ಜನಕ್ಕೆ ನೆನಪಾಗುವುದೇ ಆವಾಗ. ಬಲಗೈ ಹೆಬ್ಬೆರಳಿನ ಕಲೆ ಈಗಲೂ ಇದೆ.

‘ಟಪ್’ ಬಗ್ಗೆ. ಫಿಲ್ಮ್ ಹರಿದರೆ ಕೆಟ್ಟ ಫ್ರೇಮ್‌ಗಳನ್ನು ಕತ್ತರಿಸಿ ಎರಡು ತುದಿ ಅಂಟಿಸುತ್ತಿದ್ದೆವು. ಅಲ್ಲೇ ಚಿತ್ರ ಹಾರುವುದು. ಮೆಷಿನ್ನಿನಲ್ಲಿ ಬೆಳಕು ಬೀಳುವ ಜಾಗ ಮೇಲಿದೆ, ಸೌಂಡ್ ಓದುವ ಜಾಗ ಕೆಳಗಿದೆ. ನಡುವೆ 20 ಫ್ರೇಮಿನಷ್ಟು ದೂರ. ಅಂಟು ಹಾಕಿದ ಜಾಗ ಮೊದಲು ಮೇಲಿನದನ್ನು ದಾಟುತ್ತದೆ, ಇನ್ನೂ ಒಂದು ಸೆಕೆಂಡ್ ಆಗುವ ಮೊದಲೇ ಕೆಳಗಿನದಕ್ಕೆ ಬರುತ್ತದೆ. ನೀವು ಕೇಳಿದ್ದು ಅದೇ. ಚಿಕ್ಕ ವಯಸ್ಸಿಗೆ ಒಳ್ಳೇ ಕಿವಿ.

ಬಾಗಿಲ ಪಕ್ಕದ ಸೀಟು:

ಎಲ್ಲರೂ ಇಷ್ಟು ಕೊರಗುತ್ತಿದ್ದೀರಿ, ಒಂದು ಮಾತು ಹೇಳಲಾ? ನಮ್ಮ ಏರಿಯಾದ ಥಿಯೇಟರ್ ಮುಚ್ಚಿದಾಗ ನನಗೇನೂ ಬೇಜಾರಾಗಲಿಲ್ಲ. ಸೀಟಿನ ಸ್ಪ್ರಿಂಗ್ ಚುಚ್ಚುತ್ತಿತ್ತು. ಪ್ರಿಂಟ್ ನಮ್ಮವರೆಗೆ ಬರುವಷ್ಟರಲ್ಲಿ ಇಡೀ ಸಿನಿಮಾ ಮಳೆಯಲ್ಲಿ ನಡೆದ ಹಾಗೆ ಗೀರು. ಯಾರಾದರೂ ಬಾಗಿಲು ತೆರೆದರೆ ಅರ್ಧ ಪರದೆಗೆ ಬಿಸಿಲು. ಈಗ ಹಾರ್ಡ್ ಡಿಸ್ಕಿನಲ್ಲಿ ಬರುವ ಸಿನಿಮಾ ನೂರನೇ ಶೋನಲ್ಲೂ ಮೊದಲ ದಿನದ ಹಾಗೇ ಇರುತ್ತದೆ. ಅದು ಸಣ್ಣ ವಿಷಯವಲ್ಲ.

ಆದರೆ ಪ್ರೊಜೆಕ್ಟರಿನ ಬೆಳಕಿನ ಕೋಲು ತಲೆ ಮೇಲೆ ಹೋಗುತ್ತಿತ್ತಲ್ಲ, ಅದರಲ್ಲಿ ಧೂಳು ಆಡುವುದನ್ನು ನೋಡುತ್ತಾ ನಾನು ಎಷ್ಟೋ ಸಿನಿಮಾಗಳ ಕತೆಯನ್ನೇ ತಪ್ಪಿಸಿಕೊಂಡಿದ್ದೇನೆ.

ಡಬ್ಬಿ ಮುಚ್ಚಳ:

ವಾಸನೆ ಬಗ್ಗೆ ಯಾರೂ ಹೇಳಲಿಲ್ಲ. ಹುಳಿ ವಾಸನೆ ಅಂದರೆ ಅಸಿಟೇಟ್ ಫಿಲ್ಮ್ ಕೆಡುತ್ತಿದೆ ಅಂತ ಅರ್ಥ. ಫಿಲ್ಮಿನಿಂದಲೇ ಅಸಿಟಿಕ್ ಆಸಿಡ್ ಬಿಡುಗಡೆ ಆಗುತ್ತದೆ. ವಿನೆಗರ್‌ನಲ್ಲಿ ಇರುವುದೂ ಅದೇ, ಹಾಗಾಗಿ ಈ ರೋಗಕ್ಕೆ ವಿನೆಗರ್ ಸಿಂಡ್ರೋಮ್ ಅಂತಲೇ ಹೆಸರು. ಹೊರಬಂದ ಆಸಿಡ್ ಕೆಡುವುದನ್ನು ಇನ್ನೂ ಜೋರು ಮಾಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಬೇಡಿ, ಎಲ್ಲರೂ ಮಾಡುವ ತಪ್ಪು ಅದು. ಕಾಗದದ ಕವರಿನಲ್ಲಿ ಹಾಕಿ ತಂಪಾದ, ಒಣ ಜಾಗದಲ್ಲಿಡಿ. ಹಳೇ ನೆಗೆಟಿವ್ ಇದ್ದರೆ ಅವುಗಳ ಪಕ್ಕ ಬೇಡ, ಅವಕ್ಕೂ ಅಂಟುತ್ತದೆ. ಕೆಡುವುದು ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಹಾಗಾಗಿ ಈಗಲೇ ಬೆಳಕಿಗೆ ಹಿಡಿದು ಫೋಟೋ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. 1950ರ ಆಸುಪಾಸಿನವರೆಗೆ ಬಳಸುತ್ತಿದ್ದ ನೈಟ್ರೇಟ್ ಫಿಲ್ಮ್ ಬೇರೆ. ಅದಕ್ಕೆ ಬೆಂಕಿ ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ನಿಮ್ಮದು ಹುಳಿ ವಾಸನೆ ಅಂದಮೇಲೆ ಅದಲ್ಲ. ಆದರೂ ಅಂಚಿನಲ್ಲಿ ‘ಸೇಫ್ಟಿ’ ಅಂತ ಅಚ್ಚಾಗಿದೆಯಾ ನೋಡಿ.

ಮೂರನೇ ಸಾಲು:

‘ಸೇಫ್ಟಿ’ ಇದೆ. ಕವರಿಗೆ ಹಾಕಿದೆ. ಫೋಟೋ ತೆಗೆಯುವಾಗ ಎಣಿಸಿದೆ, 30 ಫ್ರೇಮ್. ಒಂದೂಕಾಲು ಸೆಕೆಂಡ್ ಸಿನಿಮಾ ಅಂದ ಹಾಗಾಯಿತು. ಒಬ್ಬ ಹೆಂಗಸು ರಾತ್ರಿ ಹೊತ್ತು ಬಾಗಿಲ ಚಿಲಕದ ಮೇಲೆ ಕೈ ಇಟ್ಟಿದ್ದಾಳೆ. ಮೊದಲ ಫ್ರೇಮಿನಿಂದ ಕೊನೆಯದರವರೆಗೆ ಕೈ ಒಂದು ಕೂದಲೆಳೆಯಷ್ಟೂ ಸರಿದಿಲ್ಲ. ಯಾವ ಸಿನಿಮಾ ಅಂತ ಗೊತ್ತಾಗಲಿಲ್ಲ.

ಹಳೇ ಆಪರೇಟರ್:

ರೂಮಿನ ನೆಲದ ಮೇಲೆ ಬೀಳುವ ತುಂಡು ಬಹಳ ಸಲ ರೀಲಿನ ತುದಿಯದೇ. ಜಾಸ್ತಿ ಕೈ ಬೀಳುವುದು, ಜಾಸ್ತಿ ಹರಿಯುವುದು ಅಲ್ಲೇ. ಲೆನ್ಸ್ ಇದ್ದರೆ ಒಂದೊಂದೇ ಫ್ರೇಮಿನ ಬಲಗಡೆ ಮೇಲ್ಮೂಲೆ ನೋಡಿ. ರಾತ್ರಿಯ ಸೀನ್ ಅಂದಿರಿ, ಕತ್ತಲಲ್ಲಿ ಕಪ್ಪು ಚುಕ್ಕಿ ಕಾಣುವುದಿಲ್ಲ. ಅಂಥ ಕಡೆ ನಾವು ಗುಂಡುಪಿನ್ನಿನಲ್ಲಿ ನಮ್ಮದೇ ಗುರುತು ಗೀಚುತ್ತಿದ್ದೆವು. ಮಾಡಬಾರದು, ಪ್ರಿಂಟ್ ನಮ್ಮದಲ್ಲ. ಮಾಡುತ್ತಿದ್ದೆವು.

ಮೂರನೇ ಸಾಲು:

ಇದೆ! ಒಂಬತ್ತನೇ ಫ್ರೇಮಿನಿಂದ ಹನ್ನೆರಡರವರೆಗೆ. ಚುಕ್ಕಿ ಇದೆ, ಅದರ ಪಕ್ಕದಲ್ಲೇ ಗೀಚಿದ ಅಡ್ಡಗೀಟು. ನಾಲ್ಕರಲ್ಲೂ ಇದೆ. ಮೊದಲ ಮೂರು ನೀಟಾಗಿವೆ. ನಾಲ್ಕನೆಯದರಲ್ಲಿ ಪಿನ್ನು ಜಾರಿ, ಗೀಟು ಆ ಹೆಂಗಸಿನ ಕೂದಲವರೆಗೂ ಹೋಗಿದೆ.