ಸಹಾಯ ಬೇಕು: ಹಸಿ ಗಾರೆಯ ಮೇಲೆ ಚಿತ್ರ ಬರೆದವರು ಇಲ್ಲಿ ಇದ್ದೀರಾ?

ನಮಸ್ಕಾರ. ಹದಿಹರೆಯದವರಿಗಾಗಿ ಕ್ರೈಸ್ತ ಹಿನ್ನೆಲೆಯ ಒಂದು ಅದ್ಭುತ ಕಾದಂಬರಿ ಬರೆಯುತ್ತಿದ್ದೇನೆ. ‘ಅದ್ಭುತ’ ಎಂದರೆ ಮಾಯಾಲೋಕದ ಕಥೆ, ಸ್ವಪ್ರಶಂಸೆಯಲ್ಲ! ಕಿರೀಟ ಬೇಡವೆಂದ ರಾಜಕುಮಾರಿಯೊಬ್ಬಳು ಅರಮನೆಯ ಪ್ರಾರ್ಥನಾಲಯದ ಗೋಡೆಗೆ ಚಿತ್ರ ಬರೆಯುತ್ತಾಳೆ. ಅವಳು ಬರೆದ ದೇವದೂತರು ರಾತ್ರಿ ಇಳಿದು ಬರುತ್ತಾರೆ.

ಕಥೆ ಹೊಳೆದದ್ದು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ. ಇಟಲಿಯವರಾದ, ಜೆಸ್ವಿಟ್ ಎಂಬ ಕ್ರೈಸ್ತ ಧಾರ್ಮಿಕ ಸಂಘದ ಸಹೋದರ ಅಂತೋನಿಯೊ ಮೊಸ್ಕೆನಿ ಅಲ್ಲಿ ಅಲೋಶಿಯಸ್ ಗೊನ್ಜಾಗರ ಬದುಕನ್ನು ಚಿತ್ರಿಸಿದ್ದಾರೆ. 1568ರಲ್ಲಿ ಪ್ರಭು ಮನೆತನದಲ್ಲಿ ಹುಟ್ಟಿದ ಅಲೋಶಿಯಸ್ ಹಿರಿಯ ಮಗನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟರು. ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡಿ, 1591ರಲ್ಲಿ 23ನೆಯ ವಯಸ್ಸಿಗೇ ತೀರಿಕೊಂಡರು.

ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕು, ಒಂದು ದಿನದಲ್ಲಿ ಮುಗಿಯುವಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುತ್ತಾರೆ ಎಂಬುದನ್ನು ಓದಿದ್ದೇನೆ. ಬೇಕಿರುವುದು ಕೈಯ ಅನುಭವ. ಗಾರೆ ಹದಕ್ಕೆ ಬಂದದ್ದು ಬೆರಳಿಗೆ ಹೇಗೆ ತಿಳಿಯುತ್ತದೆ? ಮಳೆಗಾಲದಲ್ಲಿ ಎಷ್ಟು ಹೊತ್ತು ಸಿಗುತ್ತದೆ? ಕೆಟ್ಟ ಮುಖವನ್ನು ಕೆತ್ತಿ ತೆಗೆಯಲೇಬೇಕೆ? (ಹೌದಾದರೆ ರಾಣಿಗೂ ಮಗಳಿಗೂ ಒಳ್ಳೆಯ ಜಗಳ ಹಚ್ಚಬಹುದು.)

ಇನ್ನೊಂದು ಕೋರಿಕೆ: ನಿಮ್ಮ ಮನೆಯ ಹೈಸ್ಕೂಲು ಮಕ್ಕಳು ಮೊದಲ ಅಧ್ಯಾಯ ಓದಬಲ್ಲರೇ? ಉಪದೇಶದಂತೆ ಕೇಳಿಸಿದ ಕಡೆ ಗೆರೆ ಎಳೆದು ಕಳಿಸಿದರೆ ಸಾಕು, ಹೊಗಳಿಕೆ ಬೇಡ.