ಬೋನಸ್ ಫೀಚರ್‌ಗಳಿಗಾಗಿ ಹಳೆಯ ಸಿನಿಮಾ ಡಿಸ್ಕ್‌ಗಳನ್ನು ಇಟ್ಟುಕೊಳ್ಳಬೇಕಾ?

ಕಪ್ಪುಬಿಳುಪು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಕಪಾಟು ತುಂಬಾ ಹಳೆಯ ಸಿನಿಮಾಗಳ ಡಿವಿಡಿ, ಬ್ಲೂ-ರೇ ಇವೆ. ಚಾಪ್ಲಿನ್, ಕುರೊಸಾವಾ, ಸತ್ಯಜಿತ್ ರೇ, ಆಮೇಲೆ ನಲವತ್ತು-ಐವತ್ತರ ದಶಕದ ಹಾಲಿವುಡ್. ಈಗ ಅವುಗಳಲ್ಲಿ ಎಷ್ಟೋ ಸ್ಟ್ರೀಮಿಂಗ್‌ನಲ್ಲೇ ಸಿಗುತ್ತವೆ. ಪಿಕ್ಚರ್ ಕೂಡ ನನ್ನ ಡಿವಿಡಿಗಿಂತ ಚೆನ್ನಾಗಿದೆ. ಜಾಗ ಸಾಲುತ್ತಿಲ್ಲ, ಯಾರಿಗಾದರೂ ಕೊಟ್ಟುಬಿಡೋಣ ಅಂತ ಯೋಚನೆ.

ಆದರೆ ಮೆನುವಿನಲ್ಲಿ ‘ಸ್ಪೆಷಲ್ ಫೀಚರ್ಸ್’ ಅಂತ ಇರುತ್ತದಲ್ಲ, ಅದರೊಳಗೆ ನಾನು ಹೋಗಿದ್ದೇ ಕಡಿಮೆ. ಸಿನಿಮಾ ಓಡುವಾಗ ಅದರ ಮೇಲೆ ಯಾರೋ ವಿವರಿಸುತ್ತಾ ಹೋಗುವ ಕಾಮೆಂಟರಿ ಟ್ರ್ಯಾಕ್ ಒಂದೆರಡು ಹಾಕಿ ಕೇಳಿದ್ದೇನೆ. ಬರೆದಿಟ್ಟ ಪ್ರಬಂಧ ಓದಿದ ಹಾಗಿತ್ತು, ಅರ್ಧಕ್ಕೇ ನಿಲ್ಲಿಸಿದೆ. ಬೇರೆಲ್ಲೂ ಸಿಗದಂಥದ್ದು ಅಲ್ಲಿ ನಿಜವಾಗಿಯೂ ಇರುತ್ತದಾ? ಇದ್ದರೆ ಎಲ್ಲಿಂದ ಶುರು ಮಾಡಲಿ?

ರೀಲುಪೆಟ್ಟಿಗೆ:

ಈಗಲೇ ಕೊಡಬೇಡಿ. ಕೊಡುವುದೇ ಆದರೂ ಮೊದಲು ಆ ಮೆನುವಿನೊಳಗೆ ಒಂದು ಸುತ್ತು ಹೋಗಿ ಬನ್ನಿ.

ಬೋನಸ್ ಅಂದರೆ ಎಲ್ಲವೂ ಒಂದೇ ತೂಕದ್ದಲ್ಲ. ಸಿನಿಮಾ ಬಗ್ಗೆ ಯಾರೋ ಕೂತು ಮಾತಾಡುವುದು ಒಂದು ಬಗೆ. ಸಿನಿಮಾ ತಯಾರಾಗುವಾಗಲೇ ಹುಟ್ಟಿ, ಪರದೆಗೆ ಬರದೆ ಉಳಿದದ್ದು ಇನ್ನೊಂದು ಬಗೆ. ಔಟ್‌ಟೇಕ್ (ಬಳಸದೆ ಬಿಟ್ಟ ಟೇಕ್), ಸ್ಕ್ರೀನ್ ಟೆಸ್ಟ್ (ಪಾತ್ರಕ್ಕೆ ನಟರನ್ನು ಕ್ಯಾಮೆರಾ ಮುಂದೆ ಪರೀಕ್ಷಿಸಿದ್ದು), ಕತ್ತರಿ ಹಾಕಿದ ದೃಶ್ಯ, ಸ್ಟುಡಿಯೋದೊಳಗೆ ಓಡಾಡಿದ ಪತ್ರಗಳು. ನಾನು ಡಿಸ್ಕ್ ಇಟ್ಟುಕೊಂಡಿರುವುದೇ ಈ ಎರಡನೆಯದಕ್ಕಾಗಿ. ಮಾತಾಡುವವರ ಮಾತನ್ನು ನಾವು ನಂಬಬೇಕು. ಇದನ್ನು ನಾವೇ ಕಣ್ಣಾರೆ ನೋಡಬಹುದು.

ನಿಮ್ಮ ಚಾಪ್ಲಿನ್‌ನಿಂದಲೇ ಶುರು ಮಾಡಿ. 1931ರ ‘ಸಿಟಿ ಲೈಟ್ಸ್’ಗಾಗಿ ಚಿತ್ರೀಕರಿಸಿ ಸಿನಿಮಾದಲ್ಲಿ ಬಳಸದ ಒಂದು ಪೂರ್ತಿ ದೃಶ್ಯ ಇದೆ, ಸುಮಾರು 7 ನಿಮಿಷದ್ದು. ಹಳೆಯ ಸಿನಿಮಾಗಳ ಡಿಸ್ಕ್ ತರುವ ಕ್ರೈಟೀರಿಯನ್ ಕಂಪನಿಯ ಬ್ಲೂ-ರೇಯಲ್ಲಿ ಸಿಗುತ್ತದೆ. ಅಂಗಡಿಯೊಂದರ ಮುಂದೆ, ಫುಟ್‌ಪಾತಿನ ಕಬ್ಬಿಣದ ಜಾಲರಿಯಲ್ಲಿ ಒಂದು ಮರದ ಕಡ್ಡಿ ಸಿಕ್ಕಿಕೊಂಡಿದೆ. ಚಾಪ್ಲಿನ್‌ರ ಅಲೆಮಾರಿ ತನ್ನ ಬೆತ್ತದಿಂದ ಅದನ್ನು ಕೆಳಗೆ ತಳ್ಳಲು ನೋಡುತ್ತಾನೆ. ಅದು ಹೋಗುವುದಿಲ್ಲ. ಮತ್ತೆ ತಳ್ಳುತ್ತಾನೆ. ಜನ ಸೇರುತ್ತಾರೆ. ಅಂಗಡಿಯ ಗಾಜಿನ ಆಚೆ ಕಿಟಕಿ ಅಲಂಕರಿಸುತ್ತಿರುವವನೊಬ್ಬ ಒಳಗಿನಿಂದಲೇ ಹೀಗೆ ಮಾಡು, ಹಾಗೆ ಮಾಡು ಅಂತ ಕೈಸನ್ನೆ ಮಾಡುತ್ತಾನೆ. ಅಷ್ಟೇ ವಿಷಯ. ಕಥೆಯೇ ಇಲ್ಲ, ಆದರೂ ಕಣ್ಣು ಕೀಳಲು ಆಗುವುದಿಲ್ಲ. ಇಷ್ಟು ಚೆನ್ನಾಗಿ ಬಂದಿದ್ದನ್ನೂ ಚಾಪ್ಲಿನ್ ಬಿಟ್ಟುಬಿಟ್ಟರು. ಹೂ ಮಾರುವ ಹುಡುಗಿಯ ಕಥೆಗೆ ಇದರಿಂದ ಏನೂ ಆಗಬೇಕಾಗಿರಲಿಲ್ಲ ಅನ್ನುವುದು ನನ್ನ ಊಹೆ. ಆ ನಿರ್ಧಾರದ ಗಟ್ಟಿತನ ಸಿನಿಮಾ ಒಂದನ್ನೇ ನೋಡಿದರೆ ತಿಳಿಯುವುದಿಲ್ಲ. ಬಿಟ್ಟದ್ದನ್ನು ನೋಡಿದಾಗ ತಿಳಿಯುತ್ತದೆ.

ಅದೇ ಡಿಸ್ಕಿನಲ್ಲಿ ಚಾಪ್ಲಿನ್ ಸೆಟ್ಟಿನಲ್ಲಿ ನಿಂತು ಕೆಲಸ ಮಾಡುತ್ತಿರುವ ಫಿಲಂ ಕೂಡ ಇದೆ. ಅವರ ಗೆಳೆಯ, ವ್ಯಂಗ್ಯಚಿತ್ರಕಾರ ರಾಲ್ಫ್ ಬಾರ್ಟನ್ ತೆಗೆದದ್ದು. ಸಿನಿಮಾದಲ್ಲಿ ಆ ಹೂ ಮಾರುವ ಹುಡುಗಿ ಕುರುಡಿ, ಅವಳು ಅಲೆಮಾರಿಯನ್ನು ಶ್ರೀಮಂತ ಅಂದುಕೊಳ್ಳಬೇಕು. ಹೇಗೆ? ಮೂಕಿ ಚಿತ್ರ ಬೇರೆ. ಕೊನೆಗೆ ಸಿಕ್ಕ ಉಪಾಯ ಕಾರಿನ ಬಾಗಿಲು. ಅವನು ನಿಂತ ಕಾರಿನೊಳಗೆ ನುಗ್ಗಿ ಈಚೆ ಬಾಗಿಲಿನಿಂದ ಇಳಿಯುತ್ತಾನೆ, ಬಾಗಿಲು ಮುಚ್ಚಿದ ಸದ್ದು ಹುಡುಗಿಗೆ ಕೇಳುತ್ತದೆ. ಆ ಭೇಟಿಯ ದೃಶ್ಯಕ್ಕೆ ಚಾಪ್ಲಿನ್ ಪಟ್ಟ ಪಾಡು ದೊಡ್ಡ ಕಥೆ. ಬಾರ್ಟನ್ ಫಿಲಂನಲ್ಲಿ ಅದರ ಒಂದು ತುಣುಕು ಸಿಗುತ್ತದೆ.

ಇನ್ನೊಂದು, ನಿಮ್ಮ ಹತ್ತಿರ ಇಲ್ಲದಿದ್ದರೆ ಹುಡುಕಿಯಾದರೂ ನೋಡಿ: 1955ರ ‘ದಿ ನೈಟ್ ಆಫ್ ದಿ ಹಂಟರ್’. ನಟ ಚಾರ್ಲ್ಸ್ ಲಾಟನ್ ನಿರ್ದೇಶಿಸಿದ ಒಂದೇ ಸಿನಿಮಾ. ಟೇಕ್ ಮುಗಿದರೂ ಅವರು ಕ್ಯಾಮೆರಾ ನಿಲ್ಲಿಸುತ್ತಿರಲಿಲ್ಲ. ಆ ರಷಸ್ (ಎಡಿಟ್ ಆಗದ ಕಚ್ಚಾ ಫಿಲಂ) ಅನ್ನು ಅವರ ಪತ್ನಿ ಎಲ್ಸಾ ಲ್ಯಾಂಚೆಸ್ಟರ್ 1974ರಲ್ಲಿ ಅಮೆರಿಕನ್ ಫಿಲಂ ಇನ್‌ಸ್ಟಿಟ್ಯೂಟ್‌ಗೆ ಕೊಟ್ಟರು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಫಿಲಂ ಆರ್ಕೈವ್‌ನ ರಾಬರ್ಟ್ ಗಿಟ್ ವರ್ಷಗಟ್ಟಲೆ ಕೂತು ಅದರಿಂದ ಎರಡೂವರೆ ಗಂಟೆಯ ಚಿತ್ರ ಕಟ್ಟಿದರು. 2010ರ ಕ್ರೈಟೀರಿಯನ್ ಬ್ಲೂ-ರೇಯಲ್ಲಿ ಅದು ಪೂರ್ತಿ ಇದೆ. ಲಾಟನ್‌ಗೆ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ, ಮಕ್ಕಳ ದೃಶ್ಯಗಳನ್ನು ಸಿನಿಮಾದ ನಾಯಕನಟ ರಾಬರ್ಟ್ ಮಿಚಮ್ ಅವರೇ ನೋಡಿಕೊಂಡರು ಅಂತ ಬಹಳ ಕಾಲ ಒಂದು ಮಾತು ಓಡಾಡುತ್ತಿತ್ತು. ಈ ರಷಸ್ ನೋಡಿ. ಕ್ಯಾಮೆರಾ ಹಿಂದಿನಿಂದ ಲಾಟನ್ ದನಿ ಕೇಳುತ್ತಲೇ ಇರುತ್ತದೆ. ಮಕ್ಕಳಿಗೆ ಸಾಲು ಹೇಳಿಕೊಡುತ್ತಾರೆ, ಸಮಾಧಾನವಾಗಿ ಇನ್ನೊಮ್ಮೆ ಅನ್ನುತ್ತಾರೆ. ಪುಸ್ತಕದಿಂದ ಪುಸ್ತಕಕ್ಕೆ ದಾಟಿ ಬಂದ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ. ನಾನು ಈ ಡಿಸ್ಕನ್ನು ಯಾರಿಗೂ ಕೊಡುವುದಿಲ್ಲ.

ಕಾಮೆಂಟರಿ ವಿಷಯಕ್ಕೆ ಬಂದರೆ, ನಿಮಗೆ ಬೇಜಾರಾಗಿದ್ದು ಸಹಜವೇ. ಅದರಲ್ಲಿ ಯಾರು ಮಾತಾಡಿದ್ದಾರೆ ಅನ್ನುವುದೇ ಎಲ್ಲ. ಕುರೊಸಾವಾ ಅವರ ‘ಸೆವೆನ್ ಸಮುರಾಯ್’ಗೆ ಮೈಕಲ್ ಜೆಕ್ 1988ರಲ್ಲಿ ಲೇಸರ್‌ಡಿಸ್ಕಿಗಾಗಿ (ಡಿವಿಡಿಗೂ ಮುಂಚಿನ ದೊಡ್ಡ ಡಿಸ್ಕ್) ರೆಕಾರ್ಡ್ ಮಾಡಿದ್ದು ಇದೆ. ಸಿನಿಮಾ 207 ನಿಮಿಷ, ಒಬ್ಬರೇ ಕೊನೆಯವರೆಗೂ ಮಾತಾಡುತ್ತಾರೆ. ಆದರೆ ತೆರೆಯ ಮೇಲೆ ಆ ಕ್ಷಣ ಏನಿದೆಯೋ ಅದನ್ನೇ ಹಿಡಿದು ಮಾತು, ಹಾಗಾಗಿ ದಣಿವಾಗುವುದಿಲ್ಲ. ‘ಕಾಸಾಬ್ಲಾಂಕಾ’ದಲ್ಲಿ ಎರಡಿವೆ: ವಿಮರ್ಶಕ ರೋಜರ್ ಈಬರ್ಟ್ ಅವರದು, ಇತಿಹಾಸಕಾರ ರೂಡಿ ಬೆಲ್ಮರ್ ಅವರದು. ಈಬರ್ಟ್ ಪಕ್ಕದಲ್ಲಿ ಕೂತ ಗೆಳೆಯನ ಹಾಗೆ. ಸಿನಿಮಾ ಹೇಗೆ ತಯಾರಾಯಿತು ಅನ್ನುವ ಕುತೂಹಲ ಜಾಸ್ತಿ ಇದ್ದರೆ ಬೆಲ್ಮರ್. ಒಂದೇ ಸಲಕ್ಕೆ ಪೂರ್ತಿ ಕೇಳಬೇಕು ಅಂತೇನೂ ಇಲ್ಲ. ನಿಮಗೆ ಬಾಯಿಪಾಠ ಆಗಿರುವ ದೃಶ್ಯ ಒಂದನ್ನು ಆರಿಸಿ, ಅಷ್ಟಕ್ಕೆ ಮಾತ್ರ ಹಾಕಿ ಕೇಳಿ.

ನೆರಳಾಟ:

ರೀಲುಪೆಟ್ಟಿಗೆ ಅವರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ಆದರೆ ‘ಮೇಕಿಂಗ್ ಆಫ್’ ಅಂತ ಬರುವ ಪ್ರಚಾರದ ತುಣುಕುಗಳಿಗಾಗಿ ಡಿಸ್ಕ್ ಇಟ್ಟುಕೊಳ್ಳಬೇಡಿ. ಎಲ್ಲರೂ ಎಲ್ಲರನ್ನೂ ಹೊಗಳುವುದು, ನಡುವೆ ಟ್ರೇಲರ್‌ನ ತುಂಡುಗಳು, ಅಷ್ಟೇ. ಸ್ಕ್ರೀನ್ ಟೆಸ್ಟ್ ಬೇರೆ ಮಾತು. 1959ರ ‘ಬೆನ್-ಹರ್’ ಡಿಸ್ಕಿನಲ್ಲಿ ಖಳ ಮೆಸ್ಸಾಲನ ಪಾತ್ರಕ್ಕೆ ಲೆಸ್ಲಿ ನೀಲ್ಸನ್ ಕೊಟ್ಟ ಟೆಸ್ಟ್ ಇದೆ. ಮುಂದೆ ಹಾಸ್ಯಕ್ಕೆ ಹೆಸರಾದ ನಟ, ರೋಮನ್ ವೇಷದಲ್ಲಿ ಗಂಭೀರವಾಗಿ ನಿಂತಿದ್ದಾರೆ. 2005ರ ನಾಲ್ಕು ಡಿಸ್ಕಿನ ಸೆಟ್ಟಿನಲ್ಲಿ 1925ರ ಮೂಕಿ ‘ಬೆನ್-ಹರ್’ ಕೂಡ ಪೂರ್ತಿ ಇದೆ. ರಥದ ಓಟ ಎರಡರಲ್ಲೂ ನೋಡಿ.

ಒಂದು ವಿಷಯದಲ್ಲಿ ನಿಮ್ಮೆಲ್ಲರ ಅಭಿಪ್ರಾಯ ಬೇಕು. 1933ರ ‘ಕಿಂಗ್ ಕಾಂಗ್’ನಲ್ಲಿ ಜೇಡಗಳ ಕಂದಕದ ದೃಶ್ಯ ಕಳೆದುಹೋಗಿದೆ ಅಲ್ವಾ? 2005ರ ಡಿವಿಡಿಗಾಗಿ ನಿರ್ದೇಶಕ ಪೀಟರ್ ಜಾಕ್ಸನ್ ತಂಡ ಅದನ್ನು ಗೊಂಬೆ ಸರಿಸಿ ಫ್ರೇಮ್ ಫ್ರೇಮಾಗಿ ತೆಗೆಯುವ ಹಳೆಯ ಸ್ಟಾಪ್-ಮೋಷನ್ ರೀತಿಯಲ್ಲೇ ಹೊಸದಾಗಿ ಮಾಡಿತು. ಕೆಲಸ ಅದ್ಭುತ. ಆದರೂ ಅದನ್ನು ನೋಡಿದ ಮೇಲೆ ಕಳೆದುಹೋದದ್ದು ಹೀಗೇ ಇತ್ತು ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ. ನನಗೆ ಅದು ಸರಿ ಕಾಣುವುದಿಲ್ಲ.

ರೀಲುಪೆಟ್ಟಿಗೆ:

ನೆರಳಾಟ ಅವರೇ, ಸಿನಿಮಾದ ಮಧ್ಯೆ ಅಂಟಿಸಿ ಅದೊಂದನ್ನೇ ಕೊಟ್ಟಿದ್ದರೆ ನಾನೂ ಜಗಳ ಆಡುತ್ತಿದ್ದೆ. ಬೇರೆಯಾಗಿ, ಇದು ನಾವು ಮಾಡಿದ್ದು ಅಂತ ಹೇಳಿಯೇ ಇಟ್ಟಿದ್ದಾರೆ. ಒಂದು ಗೊಂಬೆಯನ್ನು ಫ್ರೇಮಿನಿಂದ ಫ್ರೇಮಿಗೆ ಸರಿಸುವುದು ಎಷ್ಟು ಕಷ್ಟ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಅಷ್ಟಕ್ಕೆ ಅದು ಬೇಕು.

ಅದೇ ‘ಕಿಂಗ್ ಕಾಂಗ್’ ಬಗ್ಗೆ ನನಗೆ ನಿಜವಾದ ಬೇಸರ ಬೇರೆ ಇದೆ. ಹೋಮ್ ವಿಡಿಯೋದಲ್ಲಿ ಕಾಮೆಂಟರಿ ಅನ್ನುವುದು ಶುರುವಾಗಿದ್ದೇ 1984ರ ಅದರ ಲೇಸರ್‌ಡಿಸ್ಕಿನಿಂದ. ಲೇಸರ್‌ಡಿಸ್ಕಿನಲ್ಲಿ ಎರಡು ಆಡಿಯೋ ಟ್ರ್ಯಾಕ್ ಇದ್ದವು, ಸಿನಿಮಾದ್ದು ಮೊನೊ, ಅಂದರೆ ಅದಕ್ಕೆ ಒಂದೇ ಟ್ರ್ಯಾಕ್ ಸಾಕು, ಇನ್ನೊಂದು ಖಾಲಿ ಉಳಿಯಿತು. ಅಲ್ಲಿ ಚಿತ್ರ ಇತಿಹಾಸಕಾರ ರೊನಾಲ್ಡ್ ಹೇವರ್ ಮಾತಾಡಿದರು. 2005ರ ಡಿವಿಡಿಯಲ್ಲಿ ಅದಿಲ್ಲ. ಅಲ್ಲಿರುವುದು ಸ್ಪೆಷಲ್ ಎಫೆಕ್ಟ್ಸ್ ಕಲಾವಿದರಾದ ರೇ ಹ್ಯಾರಿಹೌಸೆನ್ ಮತ್ತು ಕೆನ್ ರಾಲ್ಸ್‌ಟನ್ ಅವರದು. ಅದೂ ಒಳ್ಳೆಯದೇ. ಆದರೆ ಮೊದಲನೆಯದು ಸಿನಿಮಾದ ಜೊತೆ ಮುಂದಕ್ಕೆ ಬರಲಿಲ್ಲ. ಸಿನಿಮಾದ ಹಕ್ಕು ಒಬ್ಬರ ಹತ್ತಿರ, ಬೋನಸ್ಸಿನ ಹಕ್ಕು ಇನ್ನೊಬ್ಬರ ಹತ್ತಿರ. ಸಿನಿಮಾ ಕೈ ಬದಲಾಯಿಸಿದಾಗ ಬೋನಸ್ ಎಷ್ಟೋ ಸಲ ಹಿಂದೆಯೇ ಉಳಿಯುತ್ತದೆ. ಉಲ್ಟಾ ಆಗಿದ್ದೂ ಉಂಟು. ‘ಟ್ಯಾಕ್ಸಿ ಡ್ರೈವರ್’ಗೆ ನಿರ್ದೇಶಕ ಸ್ಕೋರ್ಸೇಸಿ ಮತ್ತು ಚಿತ್ರಕಥೆಗಾರ ಪಾಲ್ ಶ್ರೇಡರ್ 1986ರಲ್ಲಿ ಮಾತಾಡಿದ್ದು 2011ರ ಬ್ಲೂ-ರೇಯಲ್ಲಿ ವಾಪಸ್ ಬಂತು. ಆದರೆ ಎಲ್ಲದಕ್ಕೂ ಆ ಅದೃಷ್ಟ ಇರುವುದಿಲ್ಲ. ಹಾಗಾಗಿ ಹೊಸ ಎಡಿಷನ್ ಬಂತು ಅಂತ ಹಳೆಯದನ್ನು ತೆಗೆದುಹಾಕುವ ಮೊದಲು ಎರಡು ಡಬ್ಬಿಗಳ ಹಿಂಬದಿ ಓದಿ ಹೋಲಿಸಲೇಬೇಕು.

ಇಪ್ಪತ್ತನಾಲ್ಕುಫ್ರೇಮ್:

ಟೆಕ್ನಿಕಲ್ ಕಡೆಯಿಂದ ಒಂದೆರಡು ಮಾತು. ಡಿವಿಡಿಯಲ್ಲಿ 8 ಆಡಿಯೋ ಟ್ರ್ಯಾಕ್, 32 ಸಬ್‌ಟೈಟಲ್ ಟ್ರ್ಯಾಕ್‌ವರೆಗೂ ಹಾಕಬಹುದು. ಕೆಲವು ಡಿಸ್ಕ್‌ಗಳಲ್ಲಿ ಸಂಗೀತ ಮಾತ್ರ ಕೇಳುವ ಟ್ರ್ಯಾಕ್ ಇರುತ್ತದೆ, ‘ನಾರ್ತ್ ಬೈ ನಾರ್ತ್‌ವೆಸ್ಟ್’ ನೋಡಿ. ಮೆನುವಿನಲ್ಲಿ ಕಣ್ಣಿಗೆ ಬೀಳದಿದ್ದರೆ ಸಿನಿಮಾ ಓಡುವಾಗ ರಿಮೋಟಿನ ಆಡಿಯೋ ಬಟನ್ ಒತ್ತುತ್ತಾ ಹೋಗಿ.

ಪಾಲ್ (ಯುರೋಪ್, ಭಾರತದ ಹಳೆಯ ಟಿವಿ ಪದ್ಧತಿ) ಡಿವಿಡಿಗಳಲ್ಲಿ ಸಿನಿಮಾ ಸೆಕೆಂಡಿಗೆ 24ರ ಬದಲು 25 ಫ್ರೇಮ್ ಓಡುತ್ತದೆ. 207 ನಿಮಿಷದ ಸಿನಿಮಾ ಸುಮಾರು 199 ನಿಮಿಷಕ್ಕೆ ಮುಗಿಯುತ್ತದೆ. ಹಳೆಯ ಪಾಲ್ ಡಿಸ್ಕಿನ ಕಾಮೆಂಟರಿಯನ್ನು ಹೊಸ ಬ್ಲೂ-ರೇ ಜೊತೆ ಹಾಕಿ ಕೇಳೋಣ ಅಂದರೆ ಸ್ವಲ್ಪ ಹೊತ್ತಿಗೇ ತಾಳ ತಪ್ಪುತ್ತದೆ. ಕೇಳಬೇಕಾದರೆ ಹಳೆಯ ಡಿಸ್ಕೇ ಬೇಕು.

‘ಟಚ್ ಆಫ್ ಈವಿಲ್’ ಇದ್ದರೆ 2008ರ ಡಿವಿಡಿ ಆಗಿದೆಯಾ ನೋಡಿಕೊಳ್ಳಿ. ಸ್ಟುಡಿಯೋ ತನ್ನಿಷ್ಟಕ್ಕೆ ಎಡಿಟ್ ಮಾಡಿದಾಗ ನಿರ್ದೇಶಕ ಆರ್ಸನ್ ವೆಲ್ಸ್ 58 ಪುಟದ ಮೆಮೊ ಬರೆದರು. ಅದನ್ನು ಮುಂದಿಟ್ಟುಕೊಂಡು ಎಡಿಟರ್ ವಾಲ್ಟರ್ ಮರ್ಚ್ 1998ರಲ್ಲಿ ಮತ್ತೆ ಎಡಿಟ್ ಮಾಡಿದರು. ಈ ಸೆಟ್ಟಿನಲ್ಲಿ ಮೂರು ರೂಪಗಳೂ ಇವೆ, ಮೆಮೊ ಕೂಡ ಇದೆ. ಮೊದಲ ಶಾಟ್ ಒಂದನ್ನೇ ಹೋಲಿಸಿ. 1958ರಲ್ಲಿ ಬಿಡುಗಡೆಯಾದ ರೂಪದಲ್ಲಿ ಆ ಉದ್ದನೆಯ ಕ್ರೇನ್ ಶಾಟ್ ಮೇಲೆ ಟೈಟಲ್ ಓಡುತ್ತವೆ, ಹೆನ್ರಿ ಮ್ಯಾನ್ಸಿನಿ ಸಂಗೀತ ಬಾರಿಸುತ್ತಿರುತ್ತದೆ. ಮರ್ಚ್ ರೂಪದಲ್ಲಿ ಎರಡೂ ಇಲ್ಲ. ಬೀದಿಯ ಸದ್ದು, ಕಾರಿನ ರೇಡಿಯೋ, ಕ್ಲಬ್ಬುಗಳಿಂದ ತೇಲಿ ಬರುವ ಹಾಡು. ಕಾರಿನಲ್ಲಿ ಬಾಂಬ್ ಇದೆ ಅನ್ನುವುದು ನಮಗೆ ಗೊತ್ತು. ಆ ರೇಡಿಯೋ ಸದ್ದು ಹತ್ತಿರ ಬಂದು ದೂರ ಹೋದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ.

ಇನ್ನೊಂದು ಮುಖ್ಯ ವಿಷಯ. ಇಟ್ಟುಕೊಳ್ಳುವ ಡಿಸ್ಕ್‌ಗಳನ್ನು ಒಂದು ಸಲ ಕೊನೆಯವರೆಗೂ ಓಡಿಸಿ ನೋಡಿ. ಡಬಲ್ ಲೇಯರ್ ಡಿವಿಡಿಗಳು ಹೊರಗೆ ಗೀರು ಇಲ್ಲದಿದ್ದರೂ ಕೆಲವು ಸಲ ಒಳಗೆ ಕೆಡುತ್ತವೆ. ನನ್ನವು ಕೆಲವು ಸಿನಿಮಾದ ಅರ್ಧದಲ್ಲಿ ನಿಂತುಹೋದವು.

ಕಪ್ಪುಬಿಳುಪು:

ಇಷ್ಟೊಂದು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕಡ್ಡಿಯ ದೃಶ್ಯ ನೋಡಿದೆ. ಅಂಗಡಿಯೊಳಗಿನವನು ಕೈಸನ್ನೆ ಮಾಡುವಾಗ ಅವನ ತಾಳ್ಮೆ ಕೆಡುತ್ತಾ ಹೋಗುವುದು ಎಷ್ಟು ಚೆಂದ! ‘ಟಚ್ ಆಫ್ ಈವಿಲ್’ ನನ್ನದು ಹಳೆಯ ಎಡಿಷನ್, ಒಂದೇ ರೂಪ ಇದೆ. ಅದನ್ನು ಕೊಡಬಹುದು ಅನ್ನಿಸುತ್ತದೆ.

ಇನ್ನೊಂದು ಪ್ರಶ್ನೆ. ಸತ್ಯಜಿತ್ ರೇ ಅವರ ಅಪು ತ್ರಿವಳಿ ನನ್ನ ಹತ್ತಿರ ಎರಡೆರಡು ಇವೆ, ಹಳೆಯ ಡಿವಿಡಿ ಮತ್ತು 2015ರ ಕ್ರೈಟೀರಿಯನ್ ಬ್ಲೂ-ರೇ. ಹಳೆಯದರಲ್ಲಿ ಬೋನಸ್ ಅಂತ ಏನೂ ಇಲ್ಲ, ಕೊಟ್ಟುಬಿಡಲಾ?

ರೀಲುಪೆಟ್ಟಿಗೆ:

ಹಾಗಾದರೆ ಹಳೆಯದನ್ನು ನಿಶ್ಚಿಂತೆಯಿಂದ ಕೊಡಿ. ಬ್ಲೂ-ರೇಯಲ್ಲಿ ರಿಸ್ಟೋರೇಷನ್ ಬಗ್ಗೆ ಇರುವ ಚಿಕ್ಕ ಚಿತ್ರವನ್ನು ಮಾತ್ರ ತಪ್ಪಿಸಬೇಡಿ. ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದರಲ್ಲಿ ಬೆಂಕಿಗೆ ಸಿಕ್ಕಿದವು. ಸುಟ್ಟು ಉಳಿದದ್ದನ್ನು ಯಾರೂ ಎಸೆಯಲಿಲ್ಲ, ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿಯ ಆರ್ಕೈವ್ ಇಟ್ಟುಕೊಂಡಿತು. ಮುಂದೆ ಇಟಲಿಯ ಬೊಲೊನ್ಯಾದ ಲಿಮ್ಮಾಜಿನೆ ರಿತ್ರೊವಾತಾ ಲ್ಯಾಬಿನಲ್ಲಿ ಆ ಗರಿಗರಿಯಾದ ಫಿಲಂಗೆ ತೇವ ಕೊಟ್ಟು ಮೆತ್ತಗೆ ಮಾಡಿ, ಹರಿದ ಅಂಚಿನ ತೂತುಗಳನ್ನು ಒಂದೊಂದಾಗಿ ಕೈಯಲ್ಲೇ ಸರಿಪಡಿಸಿದರು. ಕೈಕೆಲಸವೇ ಹೆಚ್ಚುಕಡಿಮೆ 1000 ಗಂಟೆ. ‘ಪಥೇರ್ ಪಾಂಚಾಲಿ’ಯ 40%, ‘ಅಪರಾಜಿತೊ’ದ 60%ಗಿಂತ ಜಾಸ್ತಿ ಆ ಸುಟ್ಟ ನೆಗೆಟಿವ್‌ನಿಂದಲೇ ಸಿಕ್ಕಿತು. ‘ಅಪುರ್ ಸಂಸಾರ್’ ನೆಗೆಟಿವ್ ಬಳಸುವ ಸ್ಥಿತಿಯಲ್ಲೇ ಇರಲಿಲ್ಲ, ಅದನ್ನು ಬೇರೆ ಪ್ರತಿಗಳಿಂದ ಕಟ್ಟಿದರು.

ಅದನ್ನು ಮೂರೂ ಸಿನಿಮಾ ಮುಗಿದ ಮೇಲೆ ನೋಡಿ. ಮೊದಲೇ ನೋಡಿದರೆ ಕಥೆ ಬಿಟ್ಟು ಎಲ್ಲಿ ಗೀರಿದೆ, ಯಾವ ಶಾಟ್ ಯಾವ ಪ್ರತಿಯಿಂದ ಬಂತು ಅಂತ ಕಣ್ಣು ಹುಡುಕುತ್ತಾ ಕೂರುತ್ತದೆ.